ಆಸಾಫನ ಸಣ್ಣ ಡೋಲು

ಸೇಂಟ್ ಥಾಮಸ್ ಬೆಟ್ಟ, ಜಮೈಕಾ
5 ನವೆಂಬರ್ 1978

ಪ್ರೀತಿಯ ತಮ್ಮ ಆಸಾಫಾ,

ಜಾ ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ. ಲಂಡನ್ನಿನ ಚಳಿಗೆ ಕೆಮ್ಮು ಹತ್ತಿದೆ ಎಂದು ಬರೆದಿದ್ದೆ, ಈಗ ಹೇಗಿದೆ? ಶುಂಠಿ ಜಜ್ಜಿ ಕುದಿಸಿ ಕುಡಿಯಬೇಕಂತೆ, ಅಮ್ಮ ಹತ್ತು ಸಲ ಹೇಳಿದ್ದಾಳೆ. ಉಪ್ಪು ಮುಟ್ಟದ ನಮ್ಮ ವ್ರತ ಮರೆತು ಅಲ್ಲಿ ಊಟಕ್ಕೆ ಉಪ್ಪು ಹಾಕಿಕೊಳ್ಳಲು ಶುರುಮಾಡಿದ್ದೀಯೋ ಏನೋ ಎಂಬುದು ಅವಳ ಇನ್ನೊಂದು ಚಿಂತೆ. ಹಾಕಿಕೊಂಡಿದ್ದರೆ ಚೆನ್ನ ಎಂದು ನನ್ನ ಆಸೆ. ನಿನ್ನ ಮೇಲೆ ಹೇಳಲು ಒಂದು ದೂರಾದರೂ ಸಿಗುತ್ತಿತ್ತು.

ನಿನ್ನ ಹಾಡು ಇಲ್ಲಿ ರೇಡಿಯೋದಲ್ಲಿ ದಿನಕ್ಕೆ ಮೂರು ಸಲ ಬರುತ್ತದೆ. ಒಲೆಯ ಮೇಲೆ ಸೊಪ್ಪು ಸೀದರೂ ಅಮ್ಮ ರೇಡಿಯೋದ ಮುಂದಿನಿಂದ ಏಳುವುದಿಲ್ಲ. ಹಾಡು ಚೆನ್ನಾಗಿದೆ, ಸುಳ್ಳೇಕೆ ಹೇಳಲಿ, ಒಳಗೆ ಶಾಂತಿಯಿದ್ದವನ ಹಾಡು. ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ. ಹನ್ನೆರಡು ವರ್ಷ ಕೂದಲಿಗೆ ಕತ್ತರಿ ತಾಗಿಸದೆ, ಹೆಂಡ ಮುಟ್ಟದೆ, ದಿನಾ ಬೆಳಗ್ಗೆ ಕೀರ್ತನೆ ಓದಿದವನು ನಾನು. ಆ ಶಾಂತಿ ಹೋಗಿ ಹೋಗಿ ನಿನ್ನ ಗಂಟಲಲ್ಲಿ ಕೂತಿದೆ.

ಮೊನ್ನೆ ನಮ್ಮ ದೇವರಾದ ಚಕ್ರವರ್ತಿಯ ಪಟ್ಟಾಭಿಷೇಕದ ಹಬ್ಬದ ದಿನ ಶಿಬಿರದ ಸೋದರರೆಲ್ಲ ಡೋಲಿಗೆ ಕೂತೆವು. ಇಷ್ಟು ವರ್ಷ ನನ್ನ ಪಾಲಿಗೆ ಬಂದದ್ದು ನಡುವಿನ ಡೋಲು, ಎದೆಬಡಿತದ ಹಾಗೆ ಒಂದೇ ಸಮ ಬಡಿಯುವಂಥದ್ದು, ಯಾರೂ ತಿರುಗಿ ನೋಡದಂಥದ್ದು. ಅದರ ಮೇಲೆ ಕುಣಿಯುವ ಸಣ್ಣ ಡೋಲು ಯಾವತ್ತೂ ನಿನ್ನದು. ಈ ಸಲ ನಿನ್ನ ಜಾಗ ನಾನೇ ಕೇಳಿ ತೆಗೆದುಕೊಂಡೆ. ನೀನು ಬಿಟ್ಟುಹೋದ ಡೋಲಿನ ಚರ್ಮ ಮಳೆಯ ತೇವಕ್ಕೆ ಹರಿಯಿತು ಎಂದು ಹಿಂದೆಯೇ ಬರೆದಿದ್ದೆನಲ್ಲ, ಹಾಗಾಗಿ ಬೇರೊಬ್ಬರದನ್ನು ಎರವಲು ತಂದಿದ್ದೆ. ಬೆರಳು ಕಿತ್ತುಹೋಗುವ ಹಾಗೆ ಬಾರಿಸಿದೆ. ಆಸಾಫ ಏನು ಮಹಾ ಎಂದು ಜನ ಅನ್ನಬೇಕಿತ್ತು. ಸೋದರರ ಹಾಡು ಎಲ್ಲೋ, ನನ್ನ ಡೋಲು ಎಲ್ಲೋ. ನಮ್ಮ ಹಿರಿಯ ಬೊಂಗೊ ಲೆಮ್ಯುಯೆಲ್ ಕೈಯೆತ್ತಿ ಎಲ್ಲವನ್ನೂ ನಿಲ್ಲಿಸಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಚರ್ಮ ಸಡಿಲ ಎಂದೆ.

“ಚರ್ಮ ಸರಿಯಾಗೇ ಐತೆ ಎಫ್ರಾಯಿಮ್. ನೀನು ದೇವರಿಗೆ ಬಾರಿಸ್ತಿಲ್ಲ ಕಣಪ್ಪ, ತಮ್ಮನ ಮೇಲೆ ಬಾರಿಸ್ತಿದ್ದೀಯ. ಮೊದಲು ಅವನ ಹತ್ರ ಸರಿಮಾಡ್ಕೊ, ಆಮೇಲೆ ಬಂದು ಕೂತ್ಕೊ.”

ನಮ್ಮ ಶಿಬಿರದ ಕಟ್ಟಳೆ ನಿನಗೆ ಗೊತ್ತೇ ಇದೆ, ಸೋದರನ ಮೇಲೆ ಕಹಿ ಇಟ್ಟುಕೊಂಡವನು ಡೋಲು ಮುಟ್ಟುವ ಹಾಗಿಲ್ಲ. ಎಲ್ಲರ ಎದುರಿಗೆ ಎದ್ದು ಅಡುಗೆಯ ಕಡೆ ಹೋಗಿ ಅಮ್ಮನ ಪಕ್ಕ ಕೂತು ಗೆಣಸು ಸುಲಿದೆ. ಅವಳು ನಿನ್ನ ಹಾಡನ್ನೇ ಗುನುಗುತ್ತಿದ್ದಳು.

ಅಮ್ಮನ ಆಶೀರ್ವಾದ, ಬೊಂಗೊ ಅವರ ಹಾರೈಕೆ ನಿನ್ನ ಮೇಲಿರಲಿ. ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಅಣ್ಣ,
ಎಫ್ರಾಯಿಮ್

ಮರೆಯುವ ಮೊದಲು: ನಿನ್ನ ಡೋಲಿನ ಚರ್ಮ ಮಳೆಗೆ ಹರಿಯಲಿಲ್ಲ. ನಿನ್ನ ಹಾಡು ರೇಡಿಯೋದಲ್ಲಿ ಮೊದಲ ಸಲ ಬಂದ ದಿನ ನಾನೇ ಚಾಕು ಹಾಕಿ ಸೀಳಿದೆ. ಈಗ ಹೊಸ ಆಡಿನ ಚರ್ಮ ಬಿಗಿದು ಬಿಸಿಲಿಗಿಟ್ಟಿದ್ದೇನೆ. ಒಣಗಿದೆ, ಅದರ ಮೇಲೆ ಕೈಯಿಟ್ಟಿಲ್ಲ. ನೀನು ಕ್ಷಮಿಸಿದೆ ಎಂದು ಬರೆದರೆ ನನ್ನ ಹಳೆಯ ನಡುವಿನ ಡೋಲಿಗೆ ಹೋಗಿ ಕೂರುತ್ತೇನೆ. ಅಲ್ಲಿಯವರೆಗೆ ಗೆಣಸು ಸುಲಿಯುತ್ತಿರುತ್ತೇನೆ.