ಎರಡು ಬಗೆಯ ಫ್ಲೆಕ್ಸ್

ಹಿರಿಯೂರಿನ ಸಮಸ್ತ ಚರಂಡಿಗಳ ಉದ್ಧಾರಕ, ಮಾಜಿ ಗೆಳೆಯ ಜಯಕುಮಾರ ಮಹಾಪ್ರಭುಗಳ ಸನ್ನಿಧಾನಕ್ಕೆ ಇಮ್ತಿಯಾಜ್ ಎಂದಿಗೂ ಅಂಚೆಗೆ ಹಾಕದ ಬಿನ್ನವತ್ತಳೆ.

ಈ ಬೆಳಿಗ್ಗೆ ತಾವು ನಮ್ಮ ವಾರ್ಡಿನಲ್ಲಿ ಹನ್ನೊಂದು ಮತಗಳಿಂದ ಸೋತಿರಿ. ಸೋಲಿಸಿದವನು ನಾನು, ತಮ್ಮ ಫ್ಲೆಕ್ಸ್ ಕಟ್ಟಿಸುವ ಹೊಣೆ ಹೊತ್ತಿದ್ದವನು. ಮಸೀದಿ ಬೀದಿಗೆಂದು ತಮ್ಮ ಪಕ್ಕ ಟೋಪಿ ಹಾಕಿದ ನನ್ನ ಫೋಟೋ ಇಟ್ಟು ಮಾಡಿಸಿದ್ದ ಫ್ಲೆಕ್ಸುಗಳನ್ನು ಪೇಟೆಯಲ್ಲಿ ಕಟ್ಟಿದೆ. ಪೇಟೆಗೆಂದು ನನ್ನನ್ನು ಅಳಿಸಿ ಮಾಡಿಸಿದ್ದವನ್ನು ಮಸೀದಿ ಬೀದಿಯಲ್ಲಿ ಕಟ್ಟಿದೆ.

“ಲೇ, ಪೇಟೇಲಿ ಐದೀಯ, ನಿನ್ ಬೀದೀಲೇ ಇಲ್ವಲ್ಲೋ!” ಎಂದು ಟೀ ಅಂಗಡಿ ಪಾಪಣ್ಣ ನಕ್ಕ.

“ಜಯಕುಮಾರನ್ನೇ ಕೇಳ್ರಿ” ಎಂದೆ. ಎರಡೂ ಕಡೆಯವರು ಕೇಳಿದರು, ಮತಪೆಟ್ಟಿಗೆಯಲ್ಲಿ.

ನನಗೆ ಪರಮ ತೃಪ್ತಿಯಾಗಿದೆ. ಒಂದೇ ಅರಿಕೆ. ಎರಡು ಬಗೆ ಮಾಡಿಸಾಣ ಎಂದು ಮೊದಲು ಹೇಳಿದವನು ನಾನೇ. ‘ಥೂ, ಬೇಡ ಕಣೋ’ ಅಂತ ನೀನು ಬೈತೀಯ ಅಂದುಕೊಂಡಿದ್ದೆ, ಜಯಾ.