ಮೊಲಕ್ಕೆಂದು ತಂದ ಸೊಪ್ಪು

ಭಾನುವಾರ, ಅಕ್ಟೋಬರ್ ೧೨

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಭಾವನ ಮಂಡಿನೋವು ಹೇಗಿದೆ? ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ನನಗೆ ಇವರ ಮೇಲೆ ಬಂದ ಕೋಪ ಇಳಿಯಲಿ, ಆಮೇಲೆ ಬರೆಯೋಣ ಎಂದು ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ, ಕೋಪದ ಸಮೇತವೇ ಬರೆಯುತ್ತಿದ್ದೇನೆ.

ಪರದೇಶದ ಹಳ್ಳಿಯಲ್ಲಿ ಏನು ತಿನ್ನುತ್ತೀಯೋ ಎಂದು ಹೆದರಿದ್ದೆಯಲ್ಲ, ಊಟಕ್ಕೇನೂ ಬರವಿಲ್ಲ. ಆಯಾ ಕಾಲಕ್ಕೆ ಮಣ್ಣು ಕೊಟ್ಟದ್ದೇ ಊಟ. ಬೇಸಿಗೆಯಲ್ಲಿ ಬಟಾಣಿ ಸುಲಿದು ಸುಲಿದು ಉಗುರು ಹಸಿರಾಗಿತ್ತು. ಈಗ ಮೂಲಂಗಿ, ಕಚ್ಚಿದರೆ ಖಾರ ಮೂಗಿಗೇರುತ್ತದೆ. ಆದರೆ ಪಕ್ಕದ ತೋಟದಾಕೆ ಗಡ್ಡೆ ಇಟ್ಟುಕೊಂಡು ಎಳೆ ಸೊಪ್ಪನ್ನೆಲ್ಲ ಗೊಬ್ಬರದ ಗುಂಡಿಗೆ ಎಸೆಯುತ್ತಿದ್ದಳು! ನನಗೆ ಹೊಟ್ಟೆ ಉರಿದುಹೋಯಿತು. ಇಲ್ಲಿಯ ಮಾತು ನನಗಿನ್ನೂ ಅರೆಬರೆ. ಆಕೆಯ ಟ್ರ್ಯಾಕ್ಟರ್ ರಿಪೇರಿಗೆ ಹೋಗುವ ಇವರ ಕೈಲೇ ಕೇಳಿಸಿದೆ. ಮಾರನೆಯ ದಿನದಿಂದ ಬುಟ್ಟಿಗಟ್ಟಲೆ ಸೊಪ್ಪು ಬಾಗಿಲಿಗೇ ಬಂತು. ಪಲ್ಯವೇನು, ಹುಳಿಯೇನು, ಇವರು ತಟ್ಟೆ ನೆಕ್ಕಿದ್ದೇ ನೆಕ್ಕಿದ್ದು.

ಮೊನ್ನೆ ಆಕೆ ಮೊಮ್ಮಗಳ ಕೈ ಹಿಡಿದುಕೊಂಡು ಬಂದಳು.

"ಮೊಲ ಎಲ್ಲಿವೆ? ಇವಳು ನೋಡ್ಬೇಕಂತೆ."

"ಯಾವ ಮೊಲ?"

"ನಿಮ್ಮ ಮನೆಯವ್ರೇ ಹೇಳಿದ್ರಲ್ಲ, ಸೊಪ್ಪು ಮೊಲಕ್ಕೆ ಅಂತ!"

ತಿರುಗಿ ನೋಡಿದೆ. ಇವರು ಕಟ್ಟಿದ್ದ ಬೂಟಿನ ದಾರವನ್ನೇ ಮತ್ತೆ ಕಟ್ಟುತ್ತ ಬಗ್ಗಿದ್ದರು. ಅಕ್ಕ, ಮೈಯೆಲ್ಲ ಉರಿಯಿತು. ನನ್ನ ಅಡುಗೆ ಇನ್ನೊಬ್ಬರಿಗೆ ಹೇಳಿಕೊಳ್ಳಲಾರದಂಥದ್ದೇ?

"ಮೊಲ ನಾನೇ. ಗಂಡು ಮೊಲ ಅಲ್ಲಿ ಕೂತಿದೆ, ನೋಡಿ" ಅಂದೆ.

ಆಕೆ ಕಣ್ಣು ಕಣ್ಣು ಬಿಟ್ಟಳು. ಒಳಗೆ ಕೂರಿಸಿ ಪಲ್ಯ ಬಡಿಸಿದೆ. ತಿಂದವಳೇ ಮತ್ತೆ ತಟ್ಟೆ ಚಾಚಿದಳು. "ಅಯ್ಯೋ, ಇಷ್ಟು ವರ್ಷ ಗುಂಡಿಗೆ ಸುರಿದ್ನಲ್ಲ!" ಎಂದು ಹಣೆ ಚಚ್ಚಿಕೊಂಡಳು. ಈಗ ಸೊಪ್ಪು ಅರ್ಧ ಅವಳಿಗೆ, ಅರ್ಧ ನನಗೆ. ಮೊಲ ಸಿಗಲಿಲ್ಲವೆಂದು ಮೊಮ್ಮಗಳಿಗೆ ಮಾತ್ರ ಮುನಿಸು.

"ನಗ್ತಾರೇನೋ ಅಂತ ಹಾಗಂದೆ, ಬಿಡು" ಅಂದರು ಇವರು. ಬಿಡುತ್ತೇನೆಯೇ? ಅಂದಿನ ಊಟಕ್ಕೆ ತಟ್ಟೆ ತುಂಬ ಹಸಿ ಸೊಪ್ಪು ಹಾಕಿಟ್ಟೆ. ಮೊಲ ತಾನೇ, ತಿನ್ನಲಿ.

ಭಾವನಿಗೆ ನಮಸ್ಕಾರ. ಮಕ್ಕಳು ಚೆನ್ನಾಗಿ ಉಂಡು ಬೆಳೆಯಲಿ, ನನ್ನ ಆಶೀರ್ವಾದ ಅವಕ್ಕೆ ಸದಾ ಇದೆ.

ನಿನ್ನ ತಂಗಿ

ಬರೆಯಬಾರದು ಅಂದುಕೊಂಡಿದ್ದೆ: ಇವತ್ತು ಇವರೇ ಬಾಯಿಬಿಟ್ಟು ಪಲ್ಯ ಕೇಳಿದರು. ಮನಸ್ಸು ಕರಗಿತು, ಮಾಡಿದೆ. ಸಾಸಿವೆ ಸಿಡಿಯುತ್ತಿದ್ದ ಹಾಗೇ ಬೇಲಿಯಾಚೆಯಿಂದ ಆಕೆ, "ಘಮ್ ಅಂತಿದೆ, ನನಗೂ ಎತ್ತಿಡಿ!" ಎಂದು ಕೂಗಿದಳು. ಇವರು ಎದ್ದು ಹೋಗಿ ಕಿಟಕಿ ಮುಚ್ಚಿದರು. "ಊರಿಗೆಲ್ಲ ವಾಸನೆ ಹೋಗುತ್ತೆ" ಅಂದರು. ನನಗೆ ಅಳು ಬಂತು, ಅಕ್ಕ. ಇವರು ಎರಡು ಸಲ ಹಾಕಿಸಿಕೊಂಡು ತಿಂದರು.