ವಾಸಿಯಾದ ಕೈಗೆ ಎರಡನೇ ಟ್ಯೂಬು

ಆಸ್ಪತ್ರೆಯ ಔಷಧಿ ವಿಭಾಗದ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಿಟಕಿಯಲ್ಲಿ ರೋಗ ಇರುವವರಿಗೆ ಔಷಧಿ ಸಿಗುತ್ತದೆ; ರೋಗವನ್ನು ಬುಡಸಮೇತ ಕಳೆದುಕೊಳ್ಳಲು ಬಂದವರಿಗೆ ಸಿಗುವುದಿಲ್ಲ. ಈ ಒಂದು ನಿಯಮದಿಂದ ನನ್ನ ಅಕ್ಕ ಇಪ್ಪತ್ತಾರು ವರ್ಷ ಮಾಡಿದ ಕೆಲಸ ಕಳೆದುಕೊಂಡಳು. ಅದನ್ನು ನಾಲ್ಕು ಜನರ ಮುಂದೆ ಹೇಳಿಬಿಡೋಣ ಎಂದು ಈ ಪತ್ರ.

ನಿಮ್ಮದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೂಸುಗಳಿಗೆ ಸ್ನಾನ ಮಾಡಿಸುವುದು ಅವಳ ಕೆಲಸ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೈ ನೀರಲ್ಲೇ. ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡುತ್ತಿದ್ದಳು. ಎಂಥ ರಂಪದ ಕೂಸೂ ಅವಳ ಅಂಗೈಗೆ ಬಂದರೆ ಬಾಯಿ ಮುಚ್ಚುತ್ತಿತ್ತು. ಹೋದ ವರ್ಷ ಬೆರಳ ಸಂದಿಗಳು ಕೆಂಪಾಗಿ, ಬೆಳ್ಳಗೆ ಸುಲಿದು, ಉರಿಯತೊಡಗಿದವು. ಡಾಕ್ಟರು ನೋಡಿ, ಶಿಲೀಂಧ್ರದ ಸೋಂಕು ಎಂದು ಕ್ಲೋಟ್ರಿಮಝೋಲ್ ಮುಲಾಮು ಬರೆದರು. ಒಳ್ಳೆಯ ಔಷಧಿ, ಅದರ ಮೇಲೆ ನನಗೆ ದೂರಿಲ್ಲ. ಹತ್ತು ದಿನಕ್ಕೆ ಕೈ ತಿಳಿಯಾಯಿತು, ಟ್ಯೂಬೂ ಮುಗಿಯಿತು. ಆದರೆ ಕೆಂಪು ಹೋದ ಮೇಲೂ ಎರಡು ವಾರ ಹಚ್ಚಬೇಕು ಎಂದು ನೀವು ಕೊಟ್ಟ ಚೀಟಿಯಲ್ಲೇ ಇತ್ತು. ಅಕ್ಕ ಅದನ್ನು ಓದಿದಳು. ಓದಿದ್ದನ್ನು ನಂಬಿದಳು. ಮತ್ತೆ ಕಿಟಕಿಗೆ ಹೋದಳು.

"ಎಲ್ಲಿ, ಕೈ ತೋರಿಸಿ."

"ಈಗ ವಾಸಿಯಾಗಿದೆ ಸಾರ್."

"ವಾಸಿಯಾದ್ಮೇಲೆ ಯಾಕ್ ಬಂದ್ರಿ? ಹೊಟ್ಟೆ ತುಂಬಿದ್ಮೇಲೆ ಬಡಿಸಿ ಅಂದ್ರೆ ಹೇಗಮ್ಮ? ಗಾಯ ಕಂಡ್ರೆ ಮಾತ್ರ ಎರಡನೇ ಟ್ಯೂಬು. ರೂಲ್ಸು."

ಮೂರು ವಾರಕ್ಕೆ ಸೋಂಕು ಮರಳಿತು. ಟ್ಯೂಬು ಸಿಕ್ಕಿತು. ವಾಸಿಯಾಯಿತು. ಟ್ಯೂಬು ನಿಂತಿತು. ಮತ್ತೆ ಮರಳಿತು. ಬಾವಿಯಿಂದ ಮುಕ್ಕಾಲು ದೂರ ಹಗ್ಗ ಎಳೆದು ಕೈಬಿಡಿ ಎನ್ನುವ ನಿಯಮವನ್ನು ಯಾರು ಬರೆದರು, ಸ್ವಾಮಿ? ಅವರು ಯಾವತ್ತಾದರೂ ನೀರು ಸೇದಿದ್ದರೇ?

ಆಮೇಲೆ ಅಕ್ಕ ಒಂದು ಉಪಾಯ ಮಾಡಿದಳು. ಒಂಬತ್ತು ಬೆರಳಿಗೆ ಮುಲಾಮು ಹಚ್ಚಿ, ಎಡಗೈಯ ಕಿರುಬೆರಳನ್ನು ಹಾಗೇ ಬಿಟ್ಟಳು. ಕಿಟಕಿಯಲ್ಲಿ ತೋರಿಸಲು ಏನಾದರೂ ಬೇಕಲ್ಲ. ಮುಂದಿನ ಬೆಳೆಗೆ ಬೀಜ ಎತ್ತಿಡುವ ಹಾಗೆ ರೋಗವನ್ನು ಎತ್ತಿಟ್ಟಳು. ಟ್ಯೂಬೇನೋ ಸಿಕ್ಕಿತು, ಆದರೆ ಆ ಬೆರಳಿನಿಂದಲೇ ಉಳಿದವಕ್ಕೆ ಹಬ್ಬಿತು. ಮುಚ್ಚಿಡಲು ಕೈಗವಸು ಹಾಕಿದಳು, ಒಳಗೆ ಬೆವೆತು ಹೆಚ್ಚಾಯಿತು. ಹಿರಿಯ ಸಿಸ್ಟರ್ ಒಂದು ದಿನ ಗವಸು ತೆಗೆಸಿ ನೋಡಿದರು. ಅವರನ್ನು ದೂರಲಾರೆ. ಎಳೆ ಕೂಸುಗಳ ಮೈ. ಅಕ್ಕನನ್ನು ಬಟ್ಟೆ ಮಡಿಸುವ ಕೋಣೆಗೆ ಹಾಕಿದರು.

ಹೊರಗೆ ಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಅದನ್ನೇ ನಾನೂ ಅವಳನ್ನು ಕೇಳಿದೆ.

"ಅಂಗಡೀಲಿ ಕೇಳಿದ್ರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗತ್ತೆ ಕಣೋ. ಆಮೇಲೆ ಯಾವ ತಾಯಿ ನನ್ನ ಕೈಗೆ ಕೂಸು ಕೊಡ್ತಾಳೆ?"

"ನನಗಾದ್ರೂ ಹೇಳಬಾರ್ದಾ?"

"ನಿನ್ನ ಬಾಯಿ ಅಂಗಡಿಗಿಂತ ದೊಡ್ಡದು."

ಅದು ನಿಜ. ಈ ಪತ್ರವೇ ಸಾಕ್ಷಿ.

ಆಮೇಲೆ ನಾನೇ ಟ್ಯೂಬು ತಂದೆ. ಚೀಟಿ ಹೇಳಿದಷ್ಟು ದಿನವೂ ಹಚ್ಚಿದಳು. ನಾಲ್ಕು ತಿಂಗಳಾಯಿತು, ಬೆರಳುಗಳು ಶುಭ್ರವಾಗಿವೆ. ಹೋದ ತಿಂಗಳು ನನ್ನ ಮಗಳಿಗೆ ಮಗುವಾಯಿತು. ಅಕ್ಕ ಬಂದಳು, ಬಾಗಿಲಲ್ಲೇ ನಿಂತಳು. ಕೈಗಳು ಬೆನ್ನ ಹಿಂದೆ.

"ಎತ್ಕೋ ಅತ್ತೆ," ಎಂದಳು ಮಗಳು.

"ಬೇಡಮ್ಮ. ಇಲ್ಲಿಂದಲೇ ಕಾಣ್ತಾನೆ."

ನನ್ನ ಮಗಳು ಸ್ನಾನ ಮಾಡಿಸುತ್ತಿದ್ದರೆ ಅಕ್ಕ ಬಾಗಿಲಿಂದಲೇ ಹೇಳಿಕೊಟ್ಟಳು: ಕತ್ತಿನ ಕೆಳಗೆ ಕೈ ಕೊಡು, ಕಿವಿಗೆ ನೀರು ಬಿಡಬೇಡ. ಕೂಸು ಅಳುತ್ತಲೇ ಇತ್ತು. ಅಕ್ಕನ ಕೈ ಮಾತ್ರ ಮುಂದೆ ಬರಲಿಲ್ಲ.

ನನ್ನ ಬೇಡಿಕೆ ಎರಡು. ಒಂದು, ಮೊದಲ ಸಲವೇ ಇಡೀ ಚಿಕಿತ್ಸೆಗೆ ಸಾಲುವಷ್ಟು ಮುಲಾಮು ಕೊಡಿ; ವಾಸಿಯಾದ ಕೈಯನ್ನು ಕಿಟಕಿಯಿಂದ ಹಿಂದಕ್ಕೆ ಕಳಿಸಬೇಡಿ. ಇನ್ನೊಂದು, ಡಾಕ್ಟರಿಂದ ಅಕ್ಕನ ಕೈ ನೋಡಿಸಿ, ಅದು ವಾಸಿಯಾಗಿದೆ ಎಂದು ಒಂದು ಸಾಲು ಬರೆಸಿ, ನಿಮ್ಮ ಸೀಲು ಒತ್ತಿ ಕೊಡಿ. ನಾನು ಹೇಳಿದರೆ ಅವಳು ನಂಬುವುದಿಲ್ಲ. ನಿಮ್ಮ ಚೀಟಿಯನ್ನು ಅವಳು ಈಗಲೂ ನಂಬುತ್ತಾಳೆ.

ಇಂತಿ,
ಅಕ್ಕ ತನ್ನ ಒಂಬತ್ತನೇ ವಯಸ್ಸಿನಲ್ಲಿ ಸ್ನಾನ ಮಾಡಿಸಿದ ಮೊದಲ ಕೂಸು